ಎರಡು ಹಲ್ಲು ಹೆಚ್ಚು

ಕನ್ನಡದ ಮೇಷ್ಟರಾದವನು ಹಲ್ಲಿನ ವಿಚಾರ ಎತ್ತಿದರೆ ಅದು ದಂತ್ಯಾಕ್ಷರಗಳ ವಿಚಾರವಾಗಿರಬೇಕೆಂದು ಲೋಕದ ನಿರೀಕ್ಷೆ. ತ, ಥ, ದ, ಧ, ನ ಎಂಬ ಐದನ್ನು ಹೇಳಿಕೊಟ್ಟರೆ ಅವನ ಕರ್ತವ್ಯ ಮುಗಿಯಿತು. ಅದಕ್ಕಿಂತ ಮುಂದೆ ಹೋದರೆ, ನನ್ನಂತೆ ನಲವತ್ತು ದಾಟಿದವನು ತನ್ನ ದವಡೆಯ ನೋವನ್ನು ತೋಡಿಕೊಳ್ಳಬಹುದು. ಆದರೆ ನಾನಿಲ್ಲಿ ಹೇಳಹೊರಟಿರುವುದು ಈ ಎರಡು ಬಗೆಯ ಹಲ್ಲನ್ನೂ ಕುರಿತಲ್ಲ; ಮೋಟಾರುಸೈಕಲ್ಲಿನ ಚೈನು ಕಚ್ಚಿಕೊಂಡು ತಿರುಗುವ ಚಕ್ರದ ಹಲ್ಲನ್ನು ಕುರಿತು. ವಾಚಕರು ಕ್ಷಮಿಸಬೇಕು.

ಕಳೆದ ತಿಂಗಳು ಬಿ.ಎ. ತರಗತಿಯ ಹುಡುಗನೊಬ್ಬ ಕೈಯಲ್ಲಿ ಪುಸ್ತಕ ಹಿಡಿದು ನಮ್ಮ ಕೋಣೆಗೆ ಬಂದ. ಪಾಠ ಮುಗಿದ ಮೇಲೂ ಸಂದೇಹ ಕೇಳಲು ಬರುವ ವಿದ್ಯಾರ್ಥಿಯನ್ನು ಕಂಡು ಎಷ್ಟು ದಿನವಾಗಿತ್ತು! ನಾನು ಹಿಗ್ಗಿ ಕುರ್ಚಿ ತೋರಿಸಿದೆ. ಪುಸ್ತಕ ಬರಿಯ ನೆಪವೆಂದು ಅವನು ಬಾಯಿ ತೆರೆದಾಗ ತಿಳಿಯಿತು.

"ಸಾರ್, ತಾವು ಯೆಜ್ಡಿ ಓಡಿಸ್ತೀರಲ್ಲ, ಅದಕ್ಕೇ ಕೇಳ್ತಿದೀನಿ. ನಮ್ಮ ಚಿಕ್ಕಪ್ಪ ಒಂದು ಕ್ವಾಡ್ ತಂದವ್ರೆ. ಮುಂದಿನ ಸ್ಪ್ರಾಕೆಟ್ಟಿಗೆ ಎರಡು ಹಲ್ಲು ಜಾಸ್ತಿ ಇರೋದು ಹಾಕಿದ್ರೆ ಟಾಪ್ ಸ್ಪೀಡ್ ಎಷ್ಟು ಏರುತ್ತೆ ಸಾರ್?"

ಕ್ವಾಡ್ ಎಂಬುದನ್ನು ನೋಡದವರಿಗೆ ಒಂದು ಮಾತು. ಮೋಟಾರುಸೈಕಲ್ಲಿಗೂ ಟ್ರ್ಯಾಕ್ಟರಿಗೂ ನೆಂಟಸ್ತನವಾಗಿ ಹುಟ್ಟಿದ ಕೂಸಿನಂತಿರುವ ವಾಹನ ಅದು. ಕುದುರೆಯ ಮೇಲೆ ಕೂತಂತೆ ಕಾಲು ಇಬ್ಬದಿಗೆ ಹಾಕಿ ಕೂರಬೇಕು, ಹಿಡಿಯಲು ಹ್ಯಾಂಡಲ್ಲು, ಕೆಳಗೆ ನಾಲ್ಕು ದಪ್ಪ ಟೈರು. ಮಣ್ಣಿನಲ್ಲಿ, ಮರಳಿನಲ್ಲಿ ಓಡಿಸಿ ಸಂತೋಷಪಡುವುದಕ್ಕೆಂದೇ ಮಾಡಿದ್ದು. ಪಂದ್ಯದ ಜಾತಿಯ ಕ್ವಾಡುಗಳಲ್ಲಿ ಹಿಂದಿನ ಚಕ್ರಗಳನ್ನು ತಿರುಗಿಸುವುದು ನಮ್ಮ ಮೋಟಾರುಸೈಕಲ್ಲಿನಲ್ಲಿರುವಂತಹ ಚೈನೇ.

ಹುಡುಗನ ಪ್ರಶ್ನೆ ಕೇಳಿ ನಾನು ಒಂದು ಗಳಿಗೆ ಸುಮ್ಮನಾದೆ. ಇದೇ ಪ್ರಶ್ನೆಯನ್ನು, ಇದೇ ಎರಡು ಹಲ್ಲನ್ನು, ನಾನೂ ಒಬ್ಬರ ಮುಂದೆ ಇಟ್ಟಿದ್ದೆ. ಅದು 2001ರಲ್ಲಿ.

ಆಗ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಅಪ್ಪನ ಯೆಜ್ಡಿ ನನ್ನ ವಶಕ್ಕೆ ಬಂದಿತ್ತು. ಆ ಗಾಡಿಯನ್ನು ಅಪ್ಪ 1982ರಲ್ಲಿ ಒಂದು ಜೊತೆ ಎತ್ತು ಮಾರಿ ತಂದಿದ್ದರು. ನಮ್ಮ ಸೀಮೆಯವರಿಗೆ ಯೆಜ್ಡಿ ಎಂದರೆ ಹೊರಗಿನ ಸಾಮಾನಲ್ಲ, ಮನೆಯ ಮಗು. ಝೆಕ್ ದೇಶದ ಜಾವಾ ಕಂಪೆನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಅದು ಇರಾನಿನ ಯಜ್ದ್ ಎಂಬ ಊರಿನ ನೆನಪು. ಕಾರ್ಖಾನೆಯ ಒಡೆಯರಾದ ಇರಾನಿ ಮನೆತನದ ಮೂಲವನ್ನು ಸೂಚಿಸುವಂಥದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ಮುಚ್ಚಲಿಲ್ಲ. ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವ ಆ ಚಮತ್ಕಾರವನ್ನು ನೋಡಲು ನಾವು ಚಿಕ್ಕವರಿದ್ದಾಗ ಅಪ್ಪ ಹೊರಡುವ ಹೊತ್ತಿಗೆ ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದೆವು.

ಇಂಥ ಗಾಡಿ ಸಿಕ್ಕಿದವನಿಗೆ ತೃಪ್ತಿಯಿರಬೇಕಾಗಿತ್ತು. ಆದರೆ ಗಂಗೋತ್ರಿಯ ಗೆಳೆಯರ ಹೊಸ ಗಾಡಿಗಳು ರಿಂಗ್ ರಸ್ತೆಯಲ್ಲಿ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದುವು. ಇಪ್ಪತ್ತೆರಡರ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಹಿಂದೆ ಬೀಳುವುದನ್ನು ಸಹಿಸಬಹುದು. ರಸ್ತೆಯಲ್ಲಿ ಹಿಂದೆ ಬೀಳುವುದನ್ನು ಸಹಿಸಲಾಗದು. ಕಾರ್ಖಾನೆ ಮುಚ್ಚಿದ ಮೇಲೆ ಸಣ್ಣದೊಂದು ಷೆಡ್ಡು ಹಾಕಿಕೊಂಡಿದ್ದ ಹಳೆಯ ಕೆಲಸಗಾರರೊಬ್ಬರ ಬಳಿ ಹೋದೆ. ಮುಂದಿನ ಸ್ಪ್ರಾಕೆಟ್ಟಿಗೆ ಎರಡು ಹಲ್ಲು ಹೆಚ್ಚು ಬೇಕೆಂದೆ. ಅವರು ನನ್ನನ್ನೂ ಗಾಡಿಯನ್ನೂ ಒಂದೊಂದು ಸಾರಿ ನೋಡಿ, "ಲೇತಲ್ಲಿ ಮಾಡಿಸಿ ಹಾಕ್ಕೊಡ್ತೀನಿ ತಮ್ಮಾ. ಮೈಸೂರೊಳಗೆ ಓಡಿಸ್ಕೋ. ಊರಿಗೆ ತಗೊಂಡು ಹೋಗೋದಾದ್ರೆ ಬೇಡ" ಎಂದರು. ಏಕೆಂದು ನಾನು ಕೇಳಲಿಲ್ಲ. ಹಿರಿಯರ ಮಾತಿನಲ್ಲಿ ಮೊದಲರ್ಧವನ್ನು ಮಾತ್ರ ಕೇಳಿಸಿಕೊಳ್ಳುವ ವಿದ್ಯೆ ಆ ವಯಸ್ಸಿಗೆ ಸಹಜವಾಗಿಯೇ ಇರುತ್ತದೆ.

ಅಂದು ಕೇಳದೆ ಬಿಟ್ಟ ಆ "ಏಕೆ" ಎಂಬುದನ್ನು ಆಮೇಲೆ ನಾನೇ ಲೆಕ್ಕ ಹಾಕಿ ಕಲಿತೆ. ಲೆಕ್ಕ ಸುಲಭವಾಗಲೆಂದು ಒಂದು ಗಾಡಿಯ ಮುಂದಿನ ಚಕ್ರಕ್ಕೆ 15 ಹಲ್ಲು, ಹಿಂದಿನದಕ್ಕೆ 45 ಹಲ್ಲು ಎಂದಿಟ್ಟುಕೊಳ್ಳೋಣ. ಮುಂದಿನದು ಮೂರು ಸುತ್ತು ತಿರುಗಿದರೆ ಹಿಂದಿನದು ಒಂದು ಸುತ್ತು. ಮುಂದಿನದನ್ನು 17 ಮಾಡಿದರೆ, ಎಂಜಿನ್ನಿನ ಅದೇ ಓಟಕ್ಕೆ ಗಾಡಿ ನೂರಕ್ಕೆ 13ರಷ್ಟು ಹೆಚ್ಚು ದೂರ ಹೋಗಬೇಕು. ಅಂದರೆ 80 ಕಿಲೋಮೀಟರ್ ವೇಗದಲ್ಲಿದ್ದುದು 90 ದಾಟಬೇಕು. ಕಾಗದದ ಮೇಲೆ ಇದು ಸರಿ. ಹಿಂದಿನದರಲ್ಲಿ ಹಲ್ಲು ಕಡಿಮೆ ಮಾಡಿದರೂ ಇದೇ ಫಲ. ಇಂಥ ಗಾಡಿಯಲ್ಲಿ ಮುಂದೆ ಒಂದು ಹೆಚ್ಚಿಸುವುದೂ ಹಿಂದೆ ಮೂರು ಇಳಿಸುವುದೂ ಹೆಚ್ಚುಕಡಿಮೆ ಒಂದೇ.

ನಾನು ತರಗತಿಯಲ್ಲಿ ರಗಳೆ ಹೇಳಿಕೊಡುವಾಗ ಉತ್ಸಾಹಕ್ಕೆ ಮೂರು ಮಾತ್ರೆಯ ಹೆಜ್ಜೆ, ಮಂದಾನಿಲಕ್ಕೆ ನಾಲ್ಕು, ಲಲಿತಕ್ಕೆ ಐದು ಎನ್ನುತ್ತೇನೆ. ಹಲ್ಲುಚಕ್ರವೂ ಹೀಗೆಯೇ ಹೆಜ್ಜೆಯ ಅಳತೆಯನ್ನು ಮಾತ್ರ ಬದಲಿಸುತ್ತದೆ. ಹಾಡುವವನಿಗೆ ಉಸಿರನ್ನು ಅದು ಕೊಡಲಾರದು. ಹೆಜ್ಜೆ ಉದ್ದವಾದಷ್ಟೂ ಎಳೆತ ಕುಗ್ಗುತ್ತದೆ. ಮೇಲಿನ ಲೆಕ್ಕದಲ್ಲಿ ನೂರಕ್ಕೆ 12ರಷ್ಟು ಎಳೆತ ಹೋಯಿತು. ಅದೂ ಟಾಪ್ ಗೇರಿನಲ್ಲಿ ಮಾತ್ರವಲ್ಲ, ನಾಲ್ಕು ಗೇರುಗಳಲ್ಲಿಯೂ. ಏಕೆಂದರೆ ಯಾವ ಗೇರಿನಲ್ಲಿ ಹೊರಟರೂ ಶಕ್ತಿ ದಾಟಿ ಬರಬೇಕಾದ ಕೊನೆಯ ಬಾಗಿಲು ಆ ಚೈನೇ. ನಮ್ಮ ಹಿರಿಯರು ಏತದ ಮರದಲ್ಲಿ ಕಂಡಿದ್ದ ನ್ಯಾಯವೂ ಇದೇ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು, ದೂರದಲ್ಲಿ ಉಳಿಸಿದ್ದನ್ನು ಬಲದಲ್ಲಿ ತೆರಬೇಕು.

ಇನ್ನು ಗಾಳಿ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನದಂತೆ ಏರುತ್ತದೆ. ಗಾಳಿಯೊಂದನ್ನೇ ಲೆಕ್ಕ ಹಿಡಿದರೂ, 80ರಿಂದ 90ಕ್ಕೆ ಏರಲು ನೂರಕ್ಕೆ 40ಕ್ಕಿಂತ ಹೆಚ್ಚು ಶಕ್ತಿ ಬೇಕು. ಎರಡು ಹಲ್ಲು ಅದನ್ನು ಎಲ್ಲಿಂದ ತಂದೀತು? ಟಾಪ್ ಗೇರಿನಲ್ಲಿ ಎಂಜಿನ್ನು ತನ್ನ ಶಕ್ತಿಯ ತುದಿಯನ್ನು ದಾಟಿ ಇನ್ನೂ ಅರಚುತ್ತಿದ್ದರೆ ಉದ್ದ ಹೆಜ್ಜೆಯಿಂದ ಲಾಭವುಂಟು. ಮೊದಲೇ ಸರಿಯಾದ ಅಳತೆಯಲ್ಲಿದ್ದ ಗಾಡಿಗೆ ಇನ್ನಷ್ಟು ಉದ್ದ ಹೆಜ್ಜೆ ಕೊಟ್ಟರೆ ಅದು ತನ್ನ ಶಕ್ತಿಯ ತುದಿಯನ್ನು ಮುಟ್ಟುವುದೇ ಇಲ್ಲ. ಮೊದಲಿಗಿಂತ ನಿಧಾನವಾದರೂ ಆಶ್ಚರ್ಯವಿಲ್ಲ.

ನನ್ನ ಗಾಡಿಗೂ ಆದದ್ದು ಹೀಗೆ. ಹಂಪಾಪುರದ ದಾರಿಯ ಇಳಿಜಾರಿನಲ್ಲಿ ಮುಳ್ಳು ಹಿಂದೆಂದೂ ಮುಟ್ಟದ ಅಂಕೆಯನ್ನು ಮುಟ್ಟಿತು. ಆ ಸಂತೋಷವನ್ನು ನಾನು ಸುಳ್ಳೆನ್ನಲಾರೆ. ಎದುರುಗಾಳಿಯಿದ್ದ ದಿನ ಮಾತ್ರ ನಾಲ್ಕನೆಯ ಗೇರು ಹಿಡಿಯದೆ ಮೂರಕ್ಕೆ ಇಳಿಯಬೇಕಾಗುತ್ತಿತ್ತು. ಗೆಳೆಯರಿಗೆ ಇಳಿಜಾರಿನ ಕತೆಯನ್ನು ಹೇಳುತ್ತಿದ್ದೆ, ಎದುರುಗಾಳಿಯ ಕತೆಯನ್ನು ಹೇಳುತ್ತಿರಲಿಲ್ಲ.

ಪುಷ್ಯದ ಮಳೆ ಹಿಡಿದಿದ್ದ ವಾರ ಊರಿಗೆ ಬಂದಿದ್ದೆ. ನಮ್ಮ ಊರು ಅಂತರಸಂತೆಯ ರಸ್ತೆಯಿಂದ ಒಳಕ್ಕೆ ಎರಡು ಮೈಲಿ. ರಸ್ತೆಗೆ ಸೇರುವ ಮುನ್ನ ಒಂದು ದಿಣ್ಣೆ. ಅವ್ವನಿಗೆ ಉಬ್ಬಸವಿತ್ತು. ಅಂದು ರಾತ್ರಿ ಅದು ಎಂದಿನಂತೆ ಇಳಿಯಲಿಲ್ಲ, ತುಟಿ ಕಪ್ಪಾಯಿತು. ಊರಿನಲ್ಲಿದ್ದ ಒಂದೇ ಟೆಂಪೊ ಮೈಸೂರಿಗೆ ಹೋಗಿತ್ತು. ಅವ್ವನನ್ನು ಯೆಜ್ಡಿಯ ನಡುವೆ ಕೂರಿಸಿ, ಹಿಂದಿನಿಂದ ತಂಗಿ ಹಿಡಿದುಕೊಂಡು, ಕೋಟೆಯ ಆಸ್ಪತ್ರೆಗೆ ಹೊರಟೆವು. ಎಷ್ಟೋ ಸಲ ಅಪ್ಪ ಇದೇ ಗಾಡಿಯ ಮೇಲೆ ಒಬ್ಬರನ್ನು ಕೂರಿಸಿಕೊಂಡು, ಎರಡು ಮೂಟೆ ಹೇರಿಕೊಂಡು ಇದೇ ದಿಣ್ಣೆಯನ್ನು ಹತ್ತಿದ್ದರು.

ಅರ್ಧ ದಿಣ್ಣೆಯಲ್ಲಿ ಎಂಜಿನ್ನು ಉಸಿರುಕಟ್ಟಿತು. ಮೊದಲನೆಯ ಗೇರಿಗಿಂತ ಕೆಳಗೆ ಇಳಿಯಲು ಇನ್ನೊಂದು ಗೇರಿಲ್ಲ. ಹಾಫ್ ಕ್ಲಚ್ಚಿನಲ್ಲಿ ಏರಿಸಲು ನೋಡಿದೆ. ಕ್ಲಚ್ ಪ್ಲೇಟು ಸುಟ್ಟ ವಾಸನೆ ಮಳೆಯ ವಾಸನೆಯನ್ನು ಮೀರಿ ಬಂತು. ಗಾಡಿ ನಿಂತಿತು. ಅವ್ವ ಇಳಿದಳು. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಎದೆಯ ಮೇಲೆ. ನಾನು ಗಾಡಿ ತಳ್ಳುತ್ತ, ತಂಗಿ ಹಿಂದಿನಿಂದ ಒತ್ತುತ್ತ, ಹತ್ತು ಹೆಜ್ಜೆಗೊಮ್ಮೆ ನಿಂತು, ಉಬ್ಬಸದ ಹೆಂಗಸನ್ನು ಆ ಕೆಸರಿನ ದಿಣ್ಣೆಯನ್ನು ನಡೆಸಿಯೇ ಹತ್ತಿಸಿದೆವು. ಮೇಲೆ ತಲಪಿದಾಗ ಅವ್ವ ಉಸಿರನ್ನು ಬಿಡಿಬಿಡಿಯಾಗಿ ಎಳೆದುಕೊಂಡು ಹೇಳಿದ್ದು ಒಂದೇ ಮಾತು: "ಗಾಡಿಗೂ ನನ್ನಂಗೇ ಉಬ್ಸ ಬಂತಲ್ಲ ಮಗಾ."

ಮುಂದೆ ಸಮದಾರಿ. ಗಾಡಿ ಹೇಗೋ ಓಡಿತು. ಹ್ಯಾಂಡ್‌ಪೋಸ್ಟ್ ದಾಟಿ ಆಸ್ಪತ್ರೆ ಸೇರಿದೆವು. ಅವ್ವ ಉಳಿದಳು. ಆಮೇಲೂ ಒಂಬತ್ತು ವರ್ಷ ಬದುಕಿದಳು. ಆ ರಾತ್ರಿಯ ವಿಚಾರವನ್ನು ಒಮ್ಮೆಯೂ ದೂರಾಗಿ ಹೇಳಲಿಲ್ಲ, ನಗುತ್ತ ಹೇಳುತ್ತಿದ್ದಳು. ನಾನೇ ನಗಲಾರದೆ ಹೋದೆ. ಅಪ್ಪ ಬೆಳಗಾಗುವ ಹೊತ್ತಿಗೆ ಬಂದು, ಅವ್ವನನ್ನು ನೋಡಿ, ಹೊರಗೆ ನಿಂತಿದ್ದ ಗಾಡಿಯನ್ನು ನೋಡಿದರು. ವಿಷಯ ತಿಳಿದ ಮೇಲೆ ಬೈಯಲಿಲ್ಲ. "ಎತ್ತಾಗಿದ್ರೆ ಆಗಕ್ಕಿಲ್ಲ ಅಂತ ದಿಣ್ಣೆ ಕೆಳಗೇ ನಿಂತ್ಕತಿತ್ತು ಕನ್ಲಾ" ಎಂದಷ್ಟೇ ಹೇಳಿದರು. ಮರುದಿನ ಅಟ್ಟ ಹತ್ತಿ, ಗೋಣಿಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಳೆಯ ಸ್ಪ್ರಾಕೆಟ್ಟನ್ನು ತಂದು ನನ್ನ ಮುಂದಿಟ್ಟರು. ನಾನು ಮನೆಯ ಮೂಲೆಯಲ್ಲಿ ಎಸೆದಿದ್ದುದನ್ನು ಅವರು ಎಣ್ಣೆ ಹಚ್ಚಿ ಕಾದಿಟ್ಟಿದ್ದರು.

ಇಷ್ಟನ್ನೂ ಆ ಹುಡುಗನಿಗೆ ಹೇಳಲಿಲ್ಲ. ವಿದ್ಯಾರ್ಥಿಗಳಿಗೆ ಮೇಷ್ಟರ ಪಶ್ಚಾತ್ತಾಪದಲ್ಲಿ ಆಸಕ್ತಿ ಇರುವುದಿಲ್ಲ. ಅವನಿಗೆ ಬೇಕಾದ ಲೆಕ್ಕವನ್ನು ಹೇಳಿದೆ. ಮರಳಿನಲ್ಲಿ ಓಡಿಸುವ ಕ್ವಾಡಿಗೆ ಎಳೆತದ ಗೇರು ಬೇಕು, ಗಟ್ಟಿ ಬಯಲಿಗಾದರೆ ಉದ್ದ ಹೆಜ್ಜೆಯ ಗೇರು ಸರಿ; ಅದಕ್ಕಾಗಿಯೇ ಪಂದ್ಯದವರು ಬೇರೆ ಬೇರೆ ಹಲ್ಲಿನ ಚಕ್ರಗಳನ್ನು ಜೊತೆಗಿಟ್ಟುಕೊಂಡು ನೆಲ ನೋಡಿ ಹಾಕುತ್ತಾರೆ. ಹಿಂದಿನ ಟೈರು ದೊಡ್ಡದು ಮಾಡಿದರೂ ಗೇರು ಉದ್ದ ಮಾಡಿದ ಹಾಗೆಯೇ. ನಿಜವಾಗಿ ಶಕ್ತಿ ಬೇಕಾದರೆ ಎಂಜಿನ್ನು ಉಸಿರಾಡುವ ದಾರಿಯನ್ನು ನೋಡಬೇಕು: ಗಾಳಿ ಒಳಗೆ ಹೋಗುವ ಫಿಲ್ಟರು, ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಜೆಟ್ಟು, ಹೊಗೆ ಹೊರಗೆ ಹೋಗುವ ಸೈಲೆನ್ಸರು. ಇವು ಒಂದರ ಕೈ ಒಂದು ಹಿಡಿದುಕೊಂಡಿರುತ್ತವೆ. ಫಿಲ್ಟರು ಕಿತ್ತು ಗಾಳಿ ಹೆಚ್ಚಿಸಿ, ಜೆಟ್ಟು ಮಾತ್ರ ಹಳೆಯದೇ ಉಳಿದರೆ ಪೆಟ್ರೋಲು ಸಾಲದೆ ಎಂಜಿನ್ನು ಕಾದು, ಟೂ ಸ್ಟ್ರೋಕಿನಲ್ಲಂತೂ ಪಿಸ್ಟನ್ ಹಿಡಿದುಕೊಂಡುಬಿಡುತ್ತದೆ. ಇಷ್ಟೆಲ್ಲ ಮಾಡಿ ವೇಗ ಹೆಚ್ಚಿದರೂ ಬ್ರೇಕು ಹಳೆಯದೇ ಎಂಬುದನ್ನು ಮರೆಯಬಾರದು.

ಅವನು ಶ್ರದ್ಧೆಯಿಂದ ಬರೆದುಕೊಂಡ. ಛಂದಸ್ಸಿನ ಪಾಠದಲ್ಲಿ ಅಷ್ಟು ಬರೆದುಕೊಂಡದ್ದನ್ನು ನಾನು ನೋಡಿಲ್ಲ. ಹೊರಡುವಾಗ ಒಂದು ಮಾತು ಕೇಳಿದೆ: "ಆ ಗಾಡೀನ ಚಿಕ್ಕಪ್ಪ ಯಾತಕ್ಕೆ ಬಳಸ್ತಾರಪ್ಪ?"

"ತೋಟಕ್ಕೆ ಗೊಬ್ಬರ, ಪೈಪು ಸಾಗಿಸ್ತಾರೆ ಸಾರ್. ಭಾನುವಾರ ನಾನು ಓಡಿಸ್ತೀನಿ."

ನನ್ನ ಮೇಜಿನ ಮೇಲೆ ಉತ್ತರಪತ್ರಿಕೆಗಳು ಹಾರದಂತೆ ಇಟ್ಟ ಕಬ್ಬಿಣದ ಚಕ್ರವೊಂದಿದೆ. ಎರಡು ಹಲ್ಲು ಹೆಚ್ಚಿರುವಂಥದು. ಅದನ್ನು ಎತ್ತಿ ಅವನ ಕೈಗೆ ಕೊಟ್ಟೆ. ತೂಕ ನೋಡಿದ, ಹಲ್ಲು ಎಣಿಸಿದ. "ಹೊಸದಾಗೇ ಇದೆಯಲ್ಲ ಸಾರ್, ಯಾಕೆ ಬಿಚ್ಚಿಸಿದ್ರಿ?" ಎಂದ.

"ವಾರದ ಮಿಕ್ಕ ಆರು ದಿನಕ್ಕೆ" ಎಂದೆ. ಅವನಿಗೆ ತಿಳಿಯಿತೋ ಇಲ್ಲವೋ. ಚಕ್ರವನ್ನು ಕಾಗದಗಳ ಮೇಲೆ ಮೆಲ್ಲಗೆ ಇಟ್ಟು ನಮಸ್ಕಾರ ಹೇಳಿ ಹೋದ.

ಯೆಜ್ಡಿ ಈಗಲೂ ನನ್ನ ಬಳಿಯಿದೆ. ಅದರಲ್ಲಿ ಕಾಲೇಜಿಗೆ ಬರುವಾಗ ನನ್ನ ವಿದ್ಯಾರ್ಥಿಗಳೆಲ್ಲ ನನ್ನನ್ನು ದಾಟಿ ಹೋಗಿ, ತರಗತಿಯಲ್ಲಿ ನನಗಿಂತ ಮೊದಲೇ ಕೂತಿರುತ್ತಾರೆ. ಇದರಿಂದ ಹಾಜರಿ ಸುಧಾರಿಸಿದೆಯೆಂದು ಸಹೋದ್ಯೋಗಿಗಳು ನಗುತ್ತಾರೆ. ದಿಣ್ಣೆ ಬಂದಾಗ ಮಾತ್ರ ನಾನು ಗೇರು ಇಳಿಸಿ, ಒಂದು ಸಲ ಕಿವಿಗೊಟ್ಟು ಎಂಜಿನ್ನಿನ ಉಸಿರನ್ನು ಕೇಳುತ್ತೇನೆ. ಹಿಂದಿನ ಸೀಟು ಖಾಲಿಯಿದ್ದರೂ ಕೇಳುತ್ತೇನೆ.