ಸೀತಾ ಅಶೋಕ, ಸಾದಾ ಅಶೋಕ

ಪುಣೆಯಲ್ಲಿ ನೀವು ಯಾವ ಹಳೆಯ ಹೌಸಿಂಗ್ ಸೊಸೈಟಿಗೆ ಹೋದರೂ ಕಂಪೌಂಡ್ ಗೋಡೆಗುಂಟ ಸಾಲಾಗಿ ನಿಂತ ಎತ್ತರದ, ತೆಳ್ಳನೆಯ ಮರಗಳು ಕಾಣುತ್ತವೆ. ಎಲೆ ಉದ್ದ, ಅಂಚು ಅಲೆಅಲೆ. ಯಾರನ್ನಾದರೂ ಕೇಳಿ, 'ಅಶೋಕ' ಅಂತಾರೆ. ನಮ್ಮ ಕಡೆ ಧಾರವಾಡ, ವಿಜಾಪುರದಲ್ಲೂ ಶಾಲೆ, ಆಫೀಸು, ಕಲ್ಯಾಣ ಮಂಟಪದ ಮುಂದೆ ಇದೇ ಮರ, ಇದೇ ಹೆಸರು. ಇಷ್ಟು ವರ್ಷ ಯಾರಿಗೂ ಇದರಿಂದ ತೊಂದರೆ ಆಗಿರಲಿಲ್ಲ ಬಿಡಿ.

ಕಳೆದ ವರ್ಷ ನಮ್ಮ ಬಿಲ್ಡಿಂಗಿಗೆ ಬಾಗಲಕೋಟೆ ಕಡೆಯ ಒಂದು ಕುಟುಂಬ ಬಾಡಿಗೆಗೆ ಬಂತು. ಒಂದು ಬೆಳಿಗ್ಗೆ ಆ ಮನೆಯ ಅಜ್ಜಿ ಚಾಕು ಹಿಡಿದು ಈ ಮರದ ತೊಗಟೆ ಕೆರೆಯುತ್ತಿದ್ದರು. ವಾಚ್‌ಮನ್ ಗದ್ದಲ ಎಬ್ಬಿಸಿದ. ಕನ್ನಡ ಬಲ್ಲವರು ನಾವೇ ಆದ್ದರಿಂದ ನನ್ನ ಹೆಂಡತಿ ಹೋಗಿ ವಿಚಾರಿಸಿದಳು. ಅಜ್ಜಿ ಮೆಲ್ಲಗೆ ಹೇಳಿದ್ದಿಷ್ಟು: "ನಮ್ಮ ಸೊಸಿಗೆ ತಿಂಗಳದಾಗ ಹದಿನೈದು ದಿನ ಹೋಗಾಕ ಹತ್ತೇತವ್ವ. ಅಶೋಕದ ತೊಗಟಿ ಹಾಲಾಗ ಕುದಿಸಿ ಕೊಟ್ರ ನಿಲ್ತೈತಿ ಅಂತ ನಮ್ಮವ್ವ ಹೇಳತಿದ್ಲು."

ಅಜ್ಜಿಯ ಅವ್ವ ಹೇಳಿದ್ದು ಸುಳ್ಳೇನಲ್ಲ. ಆಯುರ್ವೇದದಲ್ಲಿ ರಕ್ತಪ್ರದರ ಅಂದರೆ ಅತಿಸ್ರಾವಕ್ಕೆ ಅಶೋಕದ ತೊಗಟೆಯೇ ಮುಖ್ಯ ಮದ್ದು. ಅದನ್ನು ಹಾಲಲ್ಲಿ ಕುದಿಸಿ ಕೊಡುವುದೂ ಹಳೆಯ ಪದ್ಧತಿಯೇ. ಆದರೆ ಅಜ್ಜಿ ಕೆರೆಯುತ್ತಿದ್ದ ಮರ ಆ ಅಶೋಕ ಅಲ್ಲ! ಸಸ್ಯಶಾಸ್ತ್ರದ ಪ್ರಕಾರ ಅದು ಪಾಲಿಯಾಲ್ಥಿಯಾ, ನಮ್ಮ ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಔಷಧಿಯ ಅಶೋಕ ಸರಾಕಾ ಅಸೋಕಾ, ಹುಣಸೆಯ ಕಡೆಯ ನೆಂಟ. ಎರಡಕ್ಕೂ ಹೆಸರು ಬಿಟ್ಟರೆ ಬೇರೆ ಸಂಬಂಧವೇ ಇಲ್ಲ.

ಈ ವಿಷಯದಲ್ಲಿ ಮರಾಠಿಯವರನ್ನು ಮೆಚ್ಚಬೇಕು. ನಿಜವಾದದ್ದಕ್ಕೆ ಅವರು 'ಸೀತಾ ಅಶೋಕ' ಅನ್ನುತ್ತಾರೆ. ಲಂಕೆಯಲ್ಲಿ ಸೀತೆ ಕೂತಿದ್ದ ಮರ ಅಂತ. ಒಂದೇ ಒಂದು ಶಬ್ದ ಸೇರಿಸಿ ಗೊಂದಲ ತಪ್ಪಿಸಿಬಿಟ್ಟರು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಹೂ ಬಿಡಲು ಮಾಲವಿಕೆಯ ಕಾಲ ಒದೆತಕ್ಕೆ ಕಾಯುವ ಮರವೂ ಇದೇ. ಇದನ್ನು ಗುರುತಿಸುವುದು ಕಷ್ಟವಲ್ಲ. ಅಷ್ಟೇನೂ ಎತ್ತರ ಬೆಳೆಯುವುದಿಲ್ಲ, ಹರಡಿಕೊಂಡಿರುತ್ತದೆ. ಒಂದೊಂದು ಕಡ್ಡಿಗೆ ನಾಲ್ಕೈದು ಜೊತೆ ಎಲೆ. ಚಿಗುರು ತಾಮ್ರದ ಬಣ್ಣದ್ದು, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಹೊತ್ತಿಗೆ ಕಾಂಡಕ್ಕೇ ಅಂಟಿಕೊಂಡಂತೆ ಕಿತ್ತಳೆ ಬಣ್ಣದ ಹೂಗೊಂಚಲು, ಆಮೇಲೆ ಕೆಂಪಾಗುತ್ತದೆ. ನಮ್ಮ ಕಂಪೌಂಡಿನದ್ದು ಬಿಡುವುದು ಎಲೆಯೊಳಗೆ ಮುಚ್ಚಿಹೋಗುವ ಹಸಿರು ಹೂ.

ಸೀತಾ ಅಶೋಕದ ತವರು ನಮ್ಮದೇ. ಉತ್ತರ ಕನ್ನಡ, ದಕ್ಷಿಣ ಕನ್ನಡ, ಕೊಡಗಿನ ಕಾಡುಗಳಲ್ಲಿ ಹಳ್ಳದ ದಂಡೆಯ ನೆರಳಲ್ಲಿ ಬೆಳೆಯುತ್ತದೆ. ಬೆಳವಣಿಗೆ ಬಲು ನಿಧಾನ. ಬೇಕಾದದ್ದು ತೊಗಟೆ. ಹಣ್ಣಾದರೆ ಕಿತ್ತುಕೊಂಡು ಮರ ಉಳಿಸಬಹುದು, ಸುತ್ತಲೂ ತೊಗಟೆ ಸುಲಿದರೆ ಮರ ಸಾಯುತ್ತದೆ. ಹಾಗಾಗಿಯೇ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಪಾಯದ ಅಂಚಿನ ಪಟ್ಟಿಗೆ ಸೇರಿಸಿದೆ.

ಈಗ ನಾನು ಕಲಿತ ಬಿ.ಕಾಂ. ಲೆಕ್ಕ ನೋಡಿ. ಮರ ಕಡಿಮೆ ಆಗುತ್ತಿದೆ, ಬಾಟಲಿ ಮಾತ್ರ ಪ್ರತಿ ಮೆಡಿಕಲ್ ಶಾಪಿನಲ್ಲಿ ಸಾಲುಸಾಲು. ಹಾಗಾದರೆ ತೊಗಟೆ ಎಲ್ಲಿಂದ ಬರುತ್ತಿದೆ? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಟ್ಟಿದೆ. ಬೆಂಗಳೂರಿನ ವಿಜ್ಞಾನಿಗಳೂ ಇದ್ದ ತಂಡ ಮಾರುಕಟ್ಟೆಯಿಂದ 'ಅಶೋಕ ತೊಗಟೆ'ಯ ಮಾದರಿಗಳನ್ನು ತಂದು ಡಿಎನ್‌ಎ ಪರೀಕ್ಷೆ ಮಾಡಿತು. ಶೇಕಡಾ 80ಕ್ಕಿಂತ ಹೆಚ್ಚು ಬೇರೆ ಯಾವುದೋ ಮರದವು! ಬ್ಯಾಂಕಿನಲ್ಲಿ ಒಡವೆ ಸಾಲ ಕೊಡುವ ಮೊದಲು ಬಂಗಾರವನ್ನು ಒರೆಗೆ ಹಚ್ಚಿ ನೋಡುತ್ತೇವೆ. ಹೆಂಗಸರ ಹೊಟ್ಟೆಗೆ ಹೋಗುವ ತೊಗಟೆಗೆ ಅಷ್ಟೂ ಕಾಳಜಿ ಬೇಡವೇ? ಗಿಡದ ಗುರುತು ಹಿಡಿದು ಹೇಳುವವರು ಪುಣೆಯಲ್ಲೇ ಇದ್ದಾರೆ. 1946ರಲ್ಲಿ ಶುರುವಾದ ಆಘಾರ್ಕರ್ ಸಂಶೋಧನಾ ಸಂಸ್ಥೆ ಇದೆ, ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರವೂ ಇದೆ. ತಜ್ಞರಿಗೆ ಕೊರತೆ ಇಲ್ಲ, ಕೇಳುವವರಿಗೇ ಕೊರತೆ.

ತೊಗಟೆ ಅಸಲಿಯೇ ಆಗಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಇಷ್ಟೊಂದು ರಕ್ತ ಯಾಕೆ ಹೋಗುತ್ತಿದೆ? ಫೈಬ್ರಾಯ್ಡ್ ಗಡ್ಡೆ ಇರಬಹುದು, ಥೈರಾಯ್ಡ್ ಇರಬಹುದು, ಮುಟ್ಟು ನಿಲ್ಲುವ ಕಾಲದ ಏರುಪೇರು ಇರಬಹುದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಕ್ಯಾನ್ಸರ್ ಅಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಬಾಟಲಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ನಮ್ಮ ಸಂಬಂಧಿಕರೊಬ್ಬರು ವರ್ಷಗಟ್ಟಲೆ ಅಶೋಕಾರಿಷ್ಟ ಕುಡಿಯುತ್ತಾ ಯಾರಿಗೂ ಹೇಳದೆ ಇದ್ದರು. ಮೆಟ್ಟಿಲು ಹತ್ತುವಾಗ ತಲೆ ತಿರುಗಿ ಬಿದ್ದ ಮೇಲೆ ನೋಡಿದರೆ ಹಿಮೋಗ್ಲೋಬಿನ್ 6. ಒಳಗೆ ದೊಡ್ಡ ಫೈಬ್ರಾಯ್ಡ್. ಎರಡು ಬಾಟಲಿ ರಕ್ತ ಕೊಟ್ಟು ಉಳಿಸಿಕೊಂಡೆವು. ಅಂದ ಹಾಗೆ, ಅರಿಷ್ಟಕ್ಕೆ ಒಂದು ಪಾಲು ತೊಗಟೆಗೆ ಎರಡು ಪಾಲು ಬೆಲ್ಲ, ಹುದುಗಿದಾಗ ತಾನಾಗಿ ಹುಟ್ಟುವ ಆಲ್ಕೋಹಾಲು ಬೇರೆ. ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಹಾಗಾದರೆ ಇವರು ಡಾಕ್ಟರ ಹತ್ತಿರ ಯಾಕೆ ಹೋಗುವುದಿಲ್ಲ? ಸಂಕೋಚ ಒಂದು, ಭಯ ಇನ್ನೊಂದು. "ಹೋದರೆ ಚೀಲ ತೆಗೀತಾರ" ಅನ್ನುವ ಭಯ. ಅದು ಸುಮ್ಮನೆ ಹುಟ್ಟಿದ್ದಲ್ಲ. ಬೀಡ್ ಜಿಲ್ಲೆಯಲ್ಲಿ ಮೂರು ವರ್ಷದಲ್ಲಿ 4,605 ಹೆಂಗಸರ ಗರ್ಭಕೋಶ ತೆಗೆಯಲಾಗಿದೆ ಎಂದು 2019ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಸದನದಲ್ಲಿ ಹೇಳಿತು. ಅವರಲ್ಲಿ ನಮ್ಮ ಕರ್ನಾಟಕದ ಗದ್ದೆಗಳಿಗೂ ಕಬ್ಬು ಕಡಿಯಲು ಬರುವ ಬಡ ಹೆಂಗಸರಿದ್ದರು. ಒಂದು ಕಡೆ ಏನಿದೆಯೋ ಗೊತ್ತಿಲ್ಲದ ಬಾಟಲಿ, ಇನ್ನೊಂದು ಕಡೆ ಕತ್ತರಿ. ನಡುವೆ ಹೆಣ್ಣುಮಕ್ಕಳು ರಕ್ತ ಕಳೆದುಕೊಳ್ಳುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನವರಲ್ಲಿ ರಕ್ತಹೀನತೆ ಇರುವವರು ಮಹಾರಾಷ್ಟ್ರದಲ್ಲಿ ಶೇಕಡಾ 54, ಕರ್ನಾಟಕದಲ್ಲಿ 48ರ ಹತ್ತಿರ.

ಕತ್ತರಿಯೊಂದೇ ದಾರಿಯೂ ಅಲ್ಲ. ಮೊದಲು ಒಂದು ಸೋನೋಗ್ರಫಿ, ರಕ್ತ ಪರೀಕ್ಷೆ. ಮಾತ್ರೆ ಇವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ಇದೆ, ಫೈಬ್ರಾಯ್ಡ್ ಮಾತ್ರ ತೆಗೆಯುವ ಆಪರೇಷನ್ನೂ ಇದೆ. ತೆಗೆದೇಬಿಡಿ ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳುವ ಹಕ್ಕೂ ಇದೆ. ಕಾರಣ ತಿಳಿದ ಮೇಲೆ ಒಳ್ಳೆಯ ವೈದ್ಯರು ಅಶೋಕವನ್ನೇ ಕೊಟ್ಟರೆ ಧಾರಾಳವಾಗಿ ತೆಗೆದುಕೊಳ್ಳಲಿ, ನನ್ನ ತಕರಾರಿಲ್ಲ.

ಆ ಸೊಸೆಯನ್ನು ನನ್ನ ಹೆಂಡತಿಯೇ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಥೈರಾಯ್ಡ್ ಇತ್ತು. ದಿನಕ್ಕೊಂದು ಸಣ್ಣ ಗುಳಿಗೆ, ಜೊತೆಗೆ ಕಬ್ಬಿಣದ ಮಾತ್ರೆ. ನಾಲ್ಕು ತಿಂಗಳಲ್ಲಿ ಸರಿಹೋಯಿತು.

ಊರು ಬಿಟ್ಟು ಬಂದ ನಾವು ಅವ್ವ, ಅಜ್ಜಿಯ ಮದ್ದಿನ ಹೆಸರುಗಳನ್ನು ಜತನವಾಗಿ ತಂದಿದ್ದೇವೆ. ಒಳ್ಳೆಯದೇ. ಆದರೆ ಗಿಡ ನಮ್ಮ ಜೊತೆ ಬಂದಿಲ್ಲ, ಅದನ್ನು ಗುರುತಿಸುತ್ತಿದ್ದ ಕಣ್ಣೂ ಬಂದಿಲ್ಲ. ನಿಮ್ಮ ಮನೆಯಲ್ಲಿ ಅಂಥ ಬಾಟಲಿ ಇದ್ದರೆ ಎಸೆಯಬೇಡಿ. ಅದನ್ನು ಯಾರು ಕುಡಿಯುತ್ತಿದ್ದಾರೆ, ಯಾಕೆ ಅಂತ ಒಂದು ಮಾತು ಕೇಳಿ. ಗಂಡಸರೂ ಕೇಳಬಹುದು, ತಪ್ಪೇನಿಲ್ಲ.