ದುಡ್ಡಿನ ಸೀಟು

ಭಾನುವಾರ ನಡುರಾತ್ರಿ ಎದ್ದು ಕೂತು ಅಮೆರಿಕದ ನಾಸ್ಕಾರ್ ಕಾರ್ ರೇಸ್ ನೋಡೋದು ನನ್ನ ಹುಚ್ಚು. ಅಲ್ಲಿ ಕೈಚಳಕ ಒಂದಿದ್ರೆ ಸಾಲದು. ಟೈರು, ಎಂಜಿನ್, ಮೆಕ್ಯಾನಿಕ್‌ಗಳ ಸಂಬಳ, ಎಲ್ಲದಕ್ಕೂ ದುಡ್ಡು ಸುರೀಬೇಕು. ಹಾಗಾಗಿ ಮನೆಯ ಹಣವನ್ನೋ ಪ್ರಾಯೋಜಕರನ್ನೋ ಜೊತೆಗೇ ತರುವ ಹುಡುಗರಿಗೆ ಸಣ್ಣ ತಂಡಗಳಲ್ಲಿ ಸೀಟು ಬೇಗ ಸಿಗುತ್ತೆ.

ಜೋಶ್ ಬೆರ್ರಿ ಹತ್ರ ಅದಿರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದವನು, ಕಂಪ್ಯೂಟರಿನಲ್ಲಿ ಐರೇಸಿಂಗ್ ಆಡುತ್ತಲೇ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಕಣ್ಣಿಗೆ ಬಿದ್ದ. ಆಮೇಲೂ ವರ್ಷಗಟ್ಟಲೆ ಸಣ್ಣ ಟ್ರ್ಯಾಕುಗಳಲ್ಲೇ ಓಡಿಸಿದ. 2021ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಎಕ್ಸ್‌ಫಿನಿಟಿ ರೇಸ್ ಗೆದ್ದಾಗ ಅವನಿಗೆ 30 ವರ್ಷ. 2025ರಲ್ಲಿ ಲಾಸ್ ವೇಗಸ್‌ನಲ್ಲಿ ಕಪ್ ರೇಸನ್ನೇ ಗೆದ್ದ.

ಅವತ್ತು ಜೋರಾಗಿ ಚಪ್ಪಾಳೆ ತಟ್ಟಿದೆ. ಮರುಕ್ಷಣವೇ ಮುಜುಗರವಾಯ್ತು. ಸಿಇಟಿಯಲ್ಲಿ ನನ್ನ ರ‍್ಯಾಂಕ್ ತುಂಬಾ ಹಿಂದಿತ್ತು. ಅಪ್ಪ ಸೈಟು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದ್ರು. ಪಿಯುಸಿಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟ ಗೆಳೆಯ ಮಾತ್ರ ಫೀಸು ಹೊಂದಿಸಲಾಗದೆ ಎಂಜಿನಿಯರಿಂಗ್ ಆಸೆಯನ್ನೇ ಬಿಟ್ಟ.

ಸೀಟು ಕೊಂಡವರೆಲ್ಲ ದಡ್ಡರಲ್ಲ; ನಾನೂ ಕಷ್ಟಪಟ್ಟೇ ಓದಿದೆ. ಆದ್ರೆ ಓಡಿಸೋಕೆ ನನಗೊಂದು ಕಾರು ಸಿಕ್ಕಿತ್ತು, ಅವನಿಗೆ ಸಿಗಲಿಲ್ಲ.

ಈಗ ನಮ್ಮ ಟೀಮಿಗೆ ಜನರನ್ನು ಆರಿಸುವಾಗ ಮೊದಲು ಅವರು ಬರೆದ ಕೋಡ್ ನೋಡ್ತೀನಿ, ಕಾಲೇಜಿನ ಹೆಸರು ಕೊನೆಗೆ. ಹೋದ ವಾರ ಆ ಗೆಳೆಯನಿಗೂ ಫೋನ್ ಮಾಡಿದೆ. "ಏನೋ, ಇಷ್ಟು ವರ್ಷ ಆದ್ಮೇಲೆ?" ಅಂದ. ಉತ್ತರ ಹೊಳೀಲಿಲ್ಲ.