ಐದು ಮೀನಿನ ಲೆಕ್ಕ

ಕಡಲ ತಡಿಯವರಾದ ನಮಗೆ ಮೀನಿನ ಲೆಕ್ಕ ಬುಟ್ಟಿಯಲ್ಲಿ. ಒಂದೊಂದಾಗಿ ಎಣಿಸುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ, 2023ರ ಜುಲೈಯಲ್ಲಿ ನಾವು ಮೀನು ಹಿಡಿಯಲಿಕ್ಕೆಂದು ಕಾಶ್ಮೀರದ ಬೆಟ್ಟ ಹತ್ತುತ್ತೇವೆ ಎಂದಾಗ ನೆರೆಹೊರೆಯವರು ನಕ್ಕದ್ದರಲ್ಲಿ ಆಶ್ಚರ್ಯವೇನಿಲ್ಲ. "ಮಂಗಳೂರಿನವರಿಗೆ ಮೀನು ಸಿಗುವುದಿಲ್ಲವೆಂದು ಅಷ್ಟು ದೂರ ಹೋಗುತ್ತೀರಾ?" ಎಂದು ಕೇಳಿದರು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ದೋಣಿಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ನಲವತ್ತು ವರ್ಷಕ್ಕೂ ಮೇಲೆ ಬೋಟಿನಲ್ಲಿ ದುಡಿದ ನಮ್ಮ ಉಪ್ಪನಿಗೆ ಈ ಎರಡು ತಿಂಗಳು ಮನೆಯಲ್ಲಿ ಕೂರುವುದೇ ದೊಡ್ಡ ಶಿಕ್ಷೆ. ಅವರನ್ನೂ ಹೊರಡಿಸಿದೆವು. ನಾವು ಗಂಡ ಹೆಂಡತಿ, ಹದಿನಾರರ ಮಗ, ಹನ್ನೊಂದರ ಮಗಳು, ಅರವತ್ತಾರರ ಉಪ್ಪ, ಹೀಗೆ ಒಟ್ಟು ಐದು ಜನ.

ಇದು ಮಗನ ಯೋಜನೆ. ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟದ ಸರೋವರಕ್ಕೆ ನಡೆದು, ಡೇರೆ ಹಾಕಿ, ಟ್ರೌಟ್ ಹಿಡಿಯುವವರ ವೀಡಿಯೋಗಳನ್ನು ನೋಡಿ ನೋಡಿ ಅವನಿಗೆ ಆ ಹುಚ್ಚು ಹಿಡಿದಿತ್ತು. ಏಳು ದಿನ ನಡೆಯುವ ದೊಡ್ಡ ದಾರಿ ನಮ್ಮಿಂದಾಗದೆಂದು ತಿಳಿದು, ನಾರಾನಾಗ್‌ನಿಂದ ಗಂಗಾಬಲ್‌ಗೆ ಹೋಗಿ ಬರುವ ಸಣ್ಣ ದಾರಿಯನ್ನು ಆರಿಸಿಕೊಂಡೆವು. ಶ್ರೀನಗರದ ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿ ಪಡೆದೆವು. ಎಷ್ಟು ಮೀನು ಹಿಡಿಯಬಹುದು, ಎಷ್ಟು ಉದ್ದಕ್ಕಿಂತ ಚಿಕ್ಕದನ್ನು ಬಿಡಬೇಕು ಎಂದೆಲ್ಲ ಅದರಲ್ಲಿತ್ತು. ಉಪ್ಪ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮೀನಿಗೂ ರೇಷನ್ ಕಾರ್ಡಾ?" ಎಂದು ನಕ್ಕರು.

ನಾರಾನಾಗ್ ಶ್ರೀನಗರದಿಂದ ಕಂಗನ್ ಮಾರ್ಗವಾಗಿ ಸುಮಾರು 50 ಕಿಲೋಮೀಟರ್. ಊರಿನಲ್ಲೇ ಲಲಿತಾದಿತ್ಯನ ಕಾಲದ್ದೆನ್ನುವ, 8ನೇ ಶತಮಾನದ ಹಳೆಯ ಶಿವ ದೇಗುಲಗಳ ಕಲ್ಲಿನ ಅವಶೇಷಗಳಿವೆ. ಕಾಶ್ಮೀರಿ ಪಂಡಿತರು ತಮ್ಮ ಹಿರಿಯರ ನೆನಪಿನಲ್ಲಿ ಗಂಗಾಬಲ್‌ಗೆ ಯಾತ್ರೆ ಹೋಗುವುದೂ ಇದೇ ದಾರಿಯಲ್ಲಿ. ಅಲ್ಲಿಂದ ಹೊರಟ ದಾರಿ ದೇವದಾರು, ಪೈನ್ ಮರಗಳ ನಡುವೆ ಒಂದೇ ಸಮನೆ ಮೇಲಕ್ಕೇರುತ್ತದೆ. ನಮ್ಮ ಡೇರೆ, ಅಕ್ಕಿ, ಪಾತ್ರೆಗಳನ್ನು ಹೊತ್ತದ್ದು ಒಬ್ಬ ಗುಜ್ಜರ್ ಹಿರಿಯರ ಎರಡು ಕುದುರೆಗಳು. ಸಲಾಂ ಹೇಳಿದ ಮೊದಲ ಗಳಿಗೆಯಿಂದಲೇ ಅವರು ಉಪ್ಪನನ್ನು 'ಚಾಚಾ' ಎಂದು ಕರೆಯತೊಡಗಿದರು. ರತ್ನಾಗಿರಿ, ಮುಂಬೈ ಬಂದರುಗಳಲ್ಲಿ ಕಲಿತ ಉಪ್ಪನ ಹರಕು ಮುರುಕು ಹಿಂದಿಗೂ ಅವರ ಗೋಜ್ರಿ ಬೆರೆತ ಉರ್ದುವಿಗೂ ಚೆನ್ನಾಗಿಯೇ ಹೊಂದಿಕೊಂಡಿತು. ಮೊದಲ ವಿಶ್ರಾಂತಿಯಲ್ಲಿ ಅವರು ಕೊಟ್ಟ ಉಪ್ಪು ಹಾಕಿದ ಚಹಾ ಕುಡಿದು ಉಪ್ಪ ಮುಖ ಕಿವುಚಿ, "ಕಡಲು ಬಿಟ್ಟು ಬಂದರೂ ಉಪ್ಪು ನೀರು ಬಿಡಲಿಲ್ಲವಲ್ಲ" ಎಂದರು.

ನಾರಾನಾಗ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಗಂಗಾಬಲ್ ಸುಮಾರು 3,570 ಮೀಟರ್. ಸಮುದ್ರ ಮಟ್ಟದಲ್ಲೇ ಹುಟ್ಟಿ ಬೆಳೆದ ನಮ್ಮ ದೇಹಕ್ಕೆ ಅದು ಸಣ್ಣ ಮಾತಲ್ಲ. ತ್ರುಂಖೋಲ್ ಎಂಬ ಹುಲ್ಲುಗಾವಲು ತಲುಪುವಷ್ಟರಲ್ಲಿ ಮಗಳಿಗೆ ತಲೆನೋವು, ವಾಂತಿ. ನಾವು ಹೆದರಿದೆವು. ಕುದುರೆಯವರು, "ಇನ್ನು ಮೇಲೆ ಹತ್ತುವುದು ಬೇಡ. ರಾತ್ರಿ ನೋಡೋಣ, ಹೆಚ್ಚಾದರೆ ಕತ್ತಲಲ್ಲೇ ಆದರೂ ಕೆಳಗಿಳಿಸೋಣ" ಎಂದರು. ಎತ್ತರದ ಕಾಯಿಲೆಗೆ ಇಳಿಯುವುದೇ ಔಷಧವೆಂದು ನಾವೂ ಓದಿದ್ದೆವು. ಅದೃಷ್ಟಕ್ಕೆ ರಾತ್ರಿಯೇ ಅವಳು ಚೇತರಿಸಿಕೊಂಡಳು. ಆದರೂ ಮರುದಿನವಿಡೀ ಅಲ್ಲೇ ಉಳಿದೆವು. ಸರೋವರಕ್ಕೆಂದು ಇಟ್ಟುಕೊಂಡಿದ್ದ ಎರಡು ದಿನದಲ್ಲಿ ಒಂದು ಹೀಗೆ ಕಳೆದುಹೋಯಿತು. ಮಗನ ಮುಖ ಬಾಡಿತು.

ಮೂರನೆಯ ದಿನ ಬೆಳಗ್ಗೆ ಮೇಲೆ ಹೋದೆವು. ಹರಮುಖ ಶಿಖರದ ಬುಡದಲ್ಲಿ ನುಂದಕೋಲ್, ಅದರಾಚೆಗೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಗಂಗಾಬಲ್. ಹಿಮನದಿ ಕರಗಿದ ನೀರು. ವುಳೂ ಮಾಡಲಿಕ್ಕೆ ಕೈಯಿಟ್ಟರೆ ಬೆರಳುಗಳೇ ಇಲ್ಲವೇನೋ ಎನಿಸುತ್ತಿತ್ತು. ಟ್ರೌಟ್‌ಗೆ ಬೇಕಾದದ್ದು ಇಂಥ ತಣ್ಣನೆಯ, ಪ್ರಾಣವಾಯು ತುಂಬಿದ ನೀರೇ. ಆದರೆ ಈ ಮೀನು ಇಲ್ಲಿನದ್ದಲ್ಲ. ಕಂದು ಟ್ರೌಟ್‌ನ ತವರು ಯುರೋಪು. 1899ರಲ್ಲಿ ಇಂಗ್ಲೆಂಡಿನಿಂದ ಕಳುಹಿಸಿದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದವು ಬದುಕಿದವು. ಶ್ರೀನಗರದಲ್ಲಿ ರತ್ನಗಂಬಳಿ ಉದ್ಯಮ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಎಂಬಾತ ಅವುಗಳನ್ನು ಸಾಕಿದ. ಮುಂದೆ ಹಾರ್ವನ್‌ನಲ್ಲಿ ಮರಿಕೇಂದ್ರವಾಯಿತು. ಹೊಳೆ, ಸರೋವರಗಳಿಗೆ ಮರಿ ಬಿಡುವ ಕೆಲಸ ನಡೆಯಿತು. ಇದನ್ನೆಲ್ಲ ಮಗ ಓದಿಕೊಂಡು ಬಂದು ಅಜ್ಜನಿಗೆ ಹೇಳುತ್ತಿದ್ದ. ಉಪ್ಪ ಸುಮ್ಮನೆ ಕೇಳಿಸಿಕೊಂಡರು.

ಗಂಗಾಬಲ್‌ನ ನೀರು ನುಂದಕೋಲ್ ಕಡೆಗೆ ಹರಿಯುವಲ್ಲಿ ನಿಂತು ಮಗ ಗಾಳ ಎಸೆದ. ಶ್ರೀನಗರದಲ್ಲಿ ಬಾಡಿಗೆಗೆ ತಂದ ಕೋಲು, ರಾಟೆಗೆ ಸುತ್ತಿದ ತಂಗೂಸಿ, ತುದಿಯಲ್ಲಿ ಮಿನುಗುವ ಸಣ್ಣ ತಗಡು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಂದು ಸಿಕ್ಕಿತು, ತೀರಾ ಚಿಕ್ಕದು. "ಕೈ ಒದ್ದೆ ಮಾಡಿಕೊಂಡು ಮುಟ್ಟು, ಒಣ ಕೈಯಲ್ಲಿ ಮುಟ್ಟಿದರೆ ಅದರ ಲೋಳೆ ಹೋಗುತ್ತದೆ" ಎಂದು ಕುದುರೆಯವರು ಹೇಳಿ ನೀರಿಗೆ ಬಿಡಿಸಿದರು. ಹತ್ತೂವರೆಯ ಹೊತ್ತಿಗೆ ಒಳ್ಳೆಯ ನಾಲ್ಕು ಮೀನುಗಳಾದವು. ಮೈಮೇಲೆ ಕಪ್ಪು, ಕೆಂಪು ಚುಕ್ಕೆಗಳು. ಮಗಳು ಒಂದೊಂದನ್ನೂ ಗೇಣು ಹಾಕಿ ಅಳೆದಳು.

"ಸಾಕು ಮೋನೆ. ನಮ್ಮ ಊಟಕ್ಕೆ ಆಯಿತು" ಎಂದರು ಉಪ್ಪ.

"ಪರವಾನಗಿಯಲ್ಲಿ ಇನ್ನೂ ಇದೆ ಅಜ್ಜ. ಇನ್ನು ಸಿಕ್ಕಿದ್ದನ್ನು ಫೋಟೋ ತೆಗೆದು ಬಿಟ್ಟುಬಿಡುತ್ತೇನೆ. ಎಲ್ಲರೂ ಹಾಗೇ ಮಾಡುವುದು. ಮೀನಿಗೆ ಏನೂ ಆಗುವುದಿಲ್ಲ."

"ತಿನ್ನಲಿಕ್ಕಲ್ಲದಿದ್ದರೆ ಅದರ ಬಾಯಿ ಯಾಕೆ ಹರಿಯುವುದು?"

ಮಗನಿಗೆ ಸಿಟ್ಟು ಬಂತು. ಒಂದು ದಿನ ತಂಗಿಗಾಗಿ ಕಳೆದುಕೊಂಡಿದ್ದೇನೆ, ಇದೊಂದು ದಿನವಾದರೂ ನನ್ನದಲ್ಲವೇ ಎಂದ. ನಾವೂ ಅವನ ಪರವಾಗಿಯೇ ಮಾತಾಡಿದೆವು. ಉಪ್ಪ ಮತ್ತೇನೂ ಹೇಳದೆ ಬಂಡೆಯ ಮೇಲೆ ಕುಳಿತರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಮೀನು ಬಿತ್ತು. ಹತ್ತು ನಿಮಿಷ ಎಳೆದಾಡಿ ದಡಕ್ಕೆ ತಂದಾಗ ನಾವೆಲ್ಲ ಕೂಗಾಡಿದೆವು, ಫೋಟೋ ತೆಗೆದೆವು. ಗಾಳ ಬಿಡಿಸಲು ನೋಡಿದರೆ ಅದು ಕಿವಿರಿನ ಒಳಗೇ ಹೊಕ್ಕಿತ್ತು. ಮಗನ ಕೈ ನಡುಗುತ್ತಿತ್ತು. ಹೇಗೋ ಬಿಡಿಸಿ ಮೀನನ್ನು ನೀರಿಗಿಳಿಸಿದ. ರಕ್ತದ ಒಂದು ಎಳೆ ನೀರಿನಲ್ಲಿ ಹರಡಿತು. ಮೀನು ಎರಡು ಮಾರು ಹೋಗಿ ಮಗ್ಗುಲಾಯಿತು, ಮತ್ತೆ ಬಿಳಿ ಹೊಟ್ಟೆ ಮೇಲಾಯಿತು.

ಯಾರೂ ಮಾತಾಡಲಿಲ್ಲ. ಉಪ್ಪ ಪ್ಯಾಂಟು ಮಡಚಿ, ಆ ಕೊರೆಯುವ ನೀರಿಗೆ ಮೊಣಕಾಲಿನವರೆಗೆ ಇಳಿದು, ಮೀನನ್ನು ಎತ್ತಿಕೊಂಡು ಬಂದರು. "ಇದನ್ನೂ ತಿನ್ನಬೇಕು" ಎಂದಷ್ಟೇ ಹೇಳಿದರು.

ಸಂಜೆ ಅಡುಗೆಗೆ ಕುಳಿತಾಗ ಊರಿನಿಂದ ತಂದ ತೆಂಗಿನೆಣ್ಣೆ ಬಾಟಲಿಯೊಳಗೆ ಗಟ್ಟಿಯಾಗಿತ್ತು. ಒಲೆಯ ಬಳಿ ಹಿಡಿದು ಕರಗಿಸಿ, ಮೆಣಸಿನಪುಡಿ, ಅರಸಿನ, ಉಪ್ಪು, ಹುಣಸೆ ಸವರಿ ಐದೂ ಮೀನು ಕಾಯಿಸಿದೆವು. ಕುದುರೆಯವರಿಗೂ ಸೇರಿ ಆರು ಜನಕ್ಕೆ ಯಥೇಚ್ಛವಾಯಿತು. ಮಗ ಮಾತ್ರ ದೊಡ್ಡ ಮೀನಿನ ತುಂಡನ್ನು ಮುಟ್ಟದೆ ಕುಳಿತಿದ್ದ. ಆಗ ಉಪ್ಪ ಮಾತಿಗೆ ತೊಡಗಿದರು. ನಮಗೂ ಎಂದೂ ಹೇಳಿರದ ಮಾತು ಅದು.

"ನಿನಗಿಂತ ದೊಡ್ಡ ತಪ್ಪು ಮಾಡಿದವನು ನಾನು. ರಂಪಣಿಯ ಕಾಲ ಮುಗಿದು ಪರ್ಸಿನ್ ಬೋಟುಗಳು ಬಂದಾಗ ನಾನು ಬೋಟು ಹತ್ತಿದವನು. ಬೂತಾಯಿ, ಬಂಗುಡೆ ರಾಶಿ ರಾಶಿ. ಕಡಲು ಬತ್ತೀತೆಂದು ಯಾರಿಗೂ ಅನಿಸಲಿಲ್ಲ. ಆಮೇಲಾಮೇಲೆ ಬೆರಳಿನಷ್ಟುದ್ದದ ಮರಿಗಳು ಬಲೆಗೆ ಬರತೊಡಗಿದವು. ಮರಿ ಎಂದು ಗೊತ್ತಿತ್ತು. ಆದರೂ ತಂದೆವು. ಮನುಷ್ಯರು ತಿನ್ನುವ ಮೀನಲ್ಲ, ಮೀನುಹುಡಿ ಮಾಡುವ ಕಾರ್ಖಾನೆಗೆ ಲಾರಿಯಲ್ಲಿ ಹೋಯಿತು. ಡೀಸೆಲ್ ಖರ್ಚು ಹುಟ್ಟಬೇಕಲ್ಲ! ಮೀನಿಗೆ ಜಬಹ್ ಬೇಡ, ನಿಜ. ಆದರೆ ಅದರ ಜೀವ ತೆಗೆಯಲು ಒಂದು ಕಾರಣ ಬೇಕು. ನೀನು ಒಂದನ್ನು ಕಾರಣವಿಲ್ಲದೆ ಕೊಂದೆ, ನಿನಗೆ ಅನ್ನ ಇಳಿಯುತ್ತಿಲ್ಲ. ನಾನು ಎಷ್ಟು ಕೊಂದೆನೋ, ಹೊಟ್ಟೆ ತುಂಬಾ ಉಂಡೆ. ಇಲ್ಲಿ ಕೆರೆಗೆ ಮರಿ ತಂದು ಬಿಟ್ಟವರಿದ್ದಾರೆ. ಕಡಲಿಗೆ ಯಾರು ತಂದು ಹಾಕುತ್ತಾರೆ?"

ಸ್ವಲ್ಪ ಹೊತ್ತಿನ ನಂತರ ಮಗ ಆ ತುಂಡನ್ನು ತಟ್ಟೆಗೆ ಹಾಕಿಕೊಂಡ.

ಹಿಡಿದು ಬಿಡುವವರೆಲ್ಲ ಕ್ರೂರಿಗಳೆಂದು ನಾವು ಹೇಳುತ್ತಿಲ್ಲ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಮೀನನ್ನು ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡದೆ ಬಿಟ್ಟರೆ ಅದು ಬದುಕಿಕೊಳ್ಳುವ ಸಾಧ್ಯತೆ ಹೆಚ್ಚು. ಮರುದಿನ ಹೊರಡುವ ಮೊದಲು ಕುದುರೆಯವರು ಅದನ್ನು ಮಗನಿಗೆ ತೋರಿಸಿಯೂ ಕೊಟ್ಟರು. ಅವನು ಕಲಿತುಕೊಂಡ, ಆದರೆ ಮತ್ತೆ ಗಾಳ ಎಸೆಯಲಿಲ್ಲ. ತಂಗಿಯ ಜೊತೆ ಸರೋವರದ ದಡದಲ್ಲಿ ಕುಳಿತು, ಮೀನು ಹುಳ ಹಿಡಿಯಲು ಮೇಲೆದ್ದಾಗ ಏಳುವ ಉಂಗುರಗಳನ್ನು ಎಣಿಸುತ್ತಿದ್ದ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದಾಗ, ನಮ್ಮ ರಾಜ್ಯದವರೂ ಪ್ರವಾಸಿಗರನ್ನು ಉಳಿಸಲು ಹೋದ ಅಲ್ಲಿನ ಒಬ್ಬ ಕುದುರೆಯವನೂ ಪ್ರಾಣ ಕಳೆದುಕೊಂಡರು. ಗಾಬರಿಯಿಂದ ನಮ್ಮ ಕುದುರೆಯವರಿಗೆ ಫೋನ್ ಮಾಡಿದೆವು. ಪ್ರವಾಸಿಗರು ಬರುತ್ತಿಲ್ಲ, ಕುದುರೆಗಳು ಸುಮ್ಮನೆ ಮೇಯುತ್ತಿವೆ ಎಂದರು. ಬಂದವರು ಹೀಗೆ ಸಾಯಬೇಕಾಯಿತಲ್ಲ ಎಂದು ಅವರ ದನಿ ಗದ್ಗದವಾಯಿತು. ಕೊನೆಗೆ, "ಚಾಚಾ ಹೇಗಿದ್ದಾರೆ? ಮೀನು ಸಿಗುತ್ತದಂತಾ?" ಎಂದು ಕೇಳಿದರು.

ಚಾಚಾ ಚೆನ್ನಾಗಿದ್ದಾರೆ. ಅವರು ಈಗ ಬೋಟಿಗೆ ಹೋಗುತ್ತಿಲ್ಲ. ಹಳೆಯ ಬೋಟಿನ ದಾಖಲೆಗಳ ಕಡತದಲ್ಲಿ ಆ ಟ್ರೌಟ್ ಪರವಾನಗಿಯನ್ನೂ ಮಡಚಿ ಇಟ್ಟುಕೊಂಡಿದ್ದಾರೆ. ಅವಧಿ ಮುಗಿದ ಕಾಗದ ಯಾಕೆಂದು ಕೇಳಿದರೆ, "ಜೀವಮಾನದಲ್ಲಿ ಒಮ್ಮೆಯಾದರೂ ಎಣಿಸಿ ಮೀನು ಹಿಡಿದದ್ದಕ್ಕೆ ನನ್ನಲ್ಲಿರುವ ಸಾಕ್ಷಿ ಇದೊಂದೇ" ಎನ್ನುತ್ತಾರೆ.